ಎರಡನೇ ಗುರುವಾರದ ಲೆಕ್ಕ

ಬಿಲ್ ಪುಸ್ತಕದ ಹಿಂಬದಿಯಲ್ಲಿ ನಾನು ಅಂಕ ಬರೆಯುತ್ತೇನೆ.
ಮುಂಬದಿ ಮಾಲೀಕರದು,
ಹಿಂಬದಿ ಈ ಒಂದು ಸಂಜೆಯದು.

ದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ, ಟೈರ್ ಅಂಗಡಿಯ ಮೇಲೆ,
ತಿಂಗಳ ಎರಡನೇ ಗುರುವಾರ ಏಳೂವರೆಗೆ
ಟಿವಿಯ ಕ್ರಿಕೆಟ್ಟನ್ನು ಮೂಕ ಮಾಡಿ
ಗೋಡೆಗೆ ಬಿಳಿ ಪಂಚೆ ಕಟ್ಟುತ್ತೇವೆ.
ಹೋದ ಸಲ ಶನಿಯ ಬಳೆ ಪಂಚೆಯ ಅಂಚಿಗೆ ತಾಗಿ
ಬಳೆ ಯಾವುದು, ಜರಿ ಯಾವುದು, ತಿಳಿಯಲಿಲ್ಲ.
"ಕುಡಿಯೋ ಜಾಗದಾಗೆ ಇಜ್ಞಾನ ಯಾಕ್ರೀ" ಎಂದಿದ್ದರು ಮಾಲೀಕರು.
ಈಗ ಅವರೇ ಕೇಳುತ್ತಾರೆ, ಈ ಸಲ ಯಾವ ಗ್ರಹ?
ಶೇಂಗಾ ಮಸಾಲೆ ಮೂರು ಪಟ್ಟು ಖರ್ಚು.

ಇವತ್ತು ಗ್ರಹವಿಲ್ಲ, ಕಲ್ಲು.
ಕಾಲೇಜಿನ ಭೂವಿಜ್ಞಾನದ ಮೇಡಂ, ನೇತ್ರಾವತಿ ಗಾದ್ರಪ್ಪ,
ಕೈಚೀಲದಿಂದ ಒಂದು ಗುಂಡು ತೆಗೆದು
ನನ್ನ ಗಲ್ಲಾದ ಮೇಲೇ ಇಟ್ಟರು.
ಮರಡಿಹಳ್ಳಿ ಕಡೆಯದು. ಕಡಿದದ್ದಲ್ಲ,
ರಸ್ತೆ ಅಗಲ ಮಾಡುವಾಗ ಉರುಳಿಬಂದದ್ದು.
"ಇದು ದಿಂಬು," ಎಂದರು. "ದಿಂಬು ಲಾವಾ."
ಬೋರ್‌ವೆಲ್ ಲಾರಿಯ ದಾದಾಪೀರ್ ಕೂಡಲೇ,
"ಇದರ ಮೇಲೆ ಮಲಗಿದವ ಏಳೋದು ಯಾವಾಗ ಮೇಡಂ?"

ನಗು ಇಳಿಯುವವರೆಗೆ ಕಾದು ಆಕೆ
ಟೇಬಲ್ ಮೂರರ ತಟ್ಟೆಯಿಂದ ಒಂದು ಮೆಣಸಿನಕಾಯಿ ಬಜ್ಜಿ ಎತ್ತಿದರು.
ಹಿಟ್ಟು ಎಣ್ಣೆಗೆ ಬೀಳುತ್ತೆ, ಬಿದ್ದ ಕ್ಷಣ ಮೈಗೆ ಸಿಪ್ಪೆ ಬರುತ್ತೆ,
ಒಳಗಿನ್ನೂ ಮೆತ್ತಗೆ, ಉಬ್ಬುತ್ತೆ, ಅಲ್ವಾ?
ಅದನ್ನೇ ತಿರುಗಿಸಿ. ಹಿಟ್ಟು ಬೆಂಕಿ. ಎಣ್ಣೆ ಸಮುದ್ರ.
ಇಲ್ಲಿ ಸಮುದ್ರ ನಿಂತಿತ್ತು,
ಇನ್ನೂರೈವತ್ತು ಕೋಟಿ ವರ್ಷದ ಕೆಳಗೆ.

ಸಮುದ್ರ.
ಸ್ವಲ್ಪ ಹೊತ್ತು ಯಾರೂ ಗ್ಲಾಸು ಎತ್ತಲಿಲ್ಲ.
ಆಮೇಲೆ ಹಿಂದಿನ ಟೇಬಲಿನಿಂದ
ನಗರಸಭೆಯ ವಾಲ್ವ್‌ಮನ್ ಪಾಲಯ್ಯ, ತನ್ನಷ್ಟಕ್ಕೆ:
"ನಾವು ವಾರಕ್ಕೊಂದು ದಿನ ಬಿಡ್ತೀವಿ."

ಪ್ರಶ್ನೆಗಳು ಶುರು. ನಾಲ್ಕು ಟೇಬಲ್, ನಾಲ್ಕು ತಂಡ.
ಆಕ್ಟೋಪಸ್ಸಿಗೆ ಹೃದಯ ಎಷ್ಟು? ಮೂರು, ಎಂದ ದಾದಾಪೀರ್.
ಸರಿ ಎಂದ ಮೇಲೂ ಕೂರಲಿಲ್ಲ:
"ಒಂದು ಒಡೆದ್ರೂ ನಡೀತದೆ ಅದಕ್ಕೆ."
ವರ್ಷಕ್ಕಿಂತ ದಿನ ಉದ್ದ, ಯಾವ ಗ್ರಹ? ಶುಕ್ರ.
ಗಲ್ಲಾದ ಹಿಂದೆ ಕೂತವನೆದುರು ಇದನ್ನು ಕೇಳಬಾರದಿತ್ತು.

ಕೊನೆಯದು, ಐದು ಅಂಕಕ್ಕೆ.
ಈ ಕೋಣೆಯೊಳಗೆ ಎಲ್ಲಕ್ಕಿಂತ ಹಳೆಯದು ಯಾವುದು?
ಫ್ಯಾನು, ಎಂದಿತು ಟೇಬಲ್ ಒಂದು.
ಟೇಬಲ್ ಎರಡು ಮಾಲೀಕರ ಕಡೆ ಕೈ ತೋರಿಸಿತು.
ಮೂರನೆಯದು ಕಲ್ಲು ಎಂದಿತು. ಮೇಡಂ ಆಗಲೇ ತಲೆಯಾಡಿಸುತ್ತಿದ್ದರು,
ಆಗ ಓಬಳೇಶ, ಎರಡು ಕೈಯಲ್ಲಿ ಆರು ಗ್ಲಾಸು ಹಿಡಿದವನು,
"ನೀರು," ಎಂದ.

ಆರ್ಡರ್ ಕೂಗುವ ಅದೇ ದನಿ. ಕೆಲವರು ನೀರು ಬಂತೆಂದೇ ತಿಳಿದರು.
"ಹೋದ ವರ್ಷ ಕನ್ನಡಕದ ಸಾರ್ ಹೇಳಿದ್ರಲ್ಲ,
ನೀರೊಳಗಿರೋ ಹೈಡ್ರೋಜನ್ನು ಎಲ್ಲಾ ಶುರುವಾದಾಗಿಂದು ಅಂತ.
ಸಾವಿರದ ಮುನ್ನೂರ ಎಂಬತ್ತು ಕೋಟಿ.
ನಾನು ಟ್ರೇ ಹಿಡ್ಕೊಂಡು ನಿಂತಿದ್ದೆ."

ಗದ್ದಲ. ಅದು ನೀರಲ್ಲ, ನೀರಿನ ಭಾಗ, ಎಂದರು ಒಬ್ಬರು.
ಹಾಗಾದರೆ ವಿಸ್ಕಿಯೊಳಗೂ ಇದೆ. ನಮ್ಮೊಳಗೂ.
ಮಾಲೀಕರೊಳಗೂ! ಟೇಬಲ್ ಎರಡು ಅರ್ಧ ಅಂಕ ಕೇಳಿತು.
ಮೇಡಂ ಕಲ್ಲನ್ನೊಮ್ಮೆ, ಓಬಳೇಶನನ್ನೊಮ್ಮೆ ನೋಡಿ
"ಐದೂ ಅವನಿಗೇ ಬರೀರಿ," ಎಂದರು ನನಗೆ.

ಎಲ್ಲಿ ಬರೆಯಲಿ?
ಅವನಿಗೆ ಟೇಬಲ್ ಇಲ್ಲ. ಎಲ್ಲ ಟೇಬಲ್ಲೂ ಅವನೇ ಒರೆಸುವುದು.
ಹಾಳೆಯ ಅಂಚಿನಲ್ಲಿ, ಗೆರೆಯಾಚೆ,
ಸಪ್ಲೈಯರ್ ೫, ಎಂದು ಬರೆದೆ.
ಒತ್ತಿ ಬರೆದದ್ದಕ್ಕೆ ಕಾರ್ಬನ್ ಹಾಳೆ ಅದನ್ನು
ಕೆಳಗಿನ ಬಿಲ್ಲಿಗೂ ಇಳಿಸಿತು.
ಟೇಬಲ್ ಮೂರರವರು ಏನೂ ಕೇಳದೆ
ಐದು ರೂಪಾಯಿ ಜಾಸ್ತಿ ಕೊಟ್ಟು ಹೋದರು.

ಹನ್ನೊಂದಕ್ಕೆ ಶಟರ್.
ಕಿಟಕಿಯಾಚೆ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಕೆಂಪು ದೀಪ
ಹತ್ತುತ್ತ ಆರುತ್ತ ಇದ್ದವು.
ಕಲ್ಲು ಗಲ್ಲಾದ ಮೇಲೇ ಉಳಿದಿತ್ತು, ಮೇಡಂ ಮರೆತಿದ್ದರು.
ಯಾರೋ ಅದರ ಮೇಲೆ ಗ್ಲಾಸು ಇಟ್ಟಿದ್ದರು, ಒದ್ದೆ ಉಂಗುರ.
ಬಟ್ಟೆ ಹಿಡಿದು ಬಂದ ಓಬಳೇಶ
ಸುತ್ತಲೆಲ್ಲ ಒರೆಸಿ, ಅದೊಂದನ್ನು ಬಿಟ್ಟ.
ತಾನೇ ಆರ್ಲಿ ಬಿಡಣ್ಣ, ಎಂದ.