ಅಳತೆ ಪುಸ್ತಕ

ಕುಪ್ಯಕ್ಕೆ ಗುಂಡಿ ಇರುವುದಿಲ್ಲ.
ಮೂವತ್ತೊಂದು ವರ್ಷ ನಾಪೋಕ್ಲು ಪೇಟೆಯಲ್ಲಿ ಕೂತು
ಗುಂಡಿಯಿಲ್ಲದ ಅಂಗಿಯನ್ನೇ ಹೆಚ್ಚು ಹೊಲಿದವನು ನಾನು.
ಈಗ ಫಿಸಿಯೋ ಹುಡುಗಿ
ಹಲಗೆಗೆ ಬಡಿದ ಐದು ಗುಂಡಿ ಮುಂದಿಟ್ಟು
‘ಎರ್ಮು ಕಾಕ, ಎಲ್ಲಿ, ಹಾಕಿ’ ಅನ್ನುತ್ತಾಳೆ.

ಅವತ್ತು ಮಿಷನ್ನಿನ ಪಾದದಡಿ ಇದ್ದದ್ದು ಬಿಳಿ ಕುಪ್ಯ,
ಬಿದ್ದಪ್ಪನವರ ಮಗನ ಮದುವೆಗೆ.
ಭುಜದ ಹೊಲಿಗೆ ನೆಟ್ಟಗೆ ಬರುತ್ತಿತ್ತು,
ಬರುತ್ತಲೇ ವಾಲಿತು.
ವಾಲಿದ್ದು ಬಟ್ಟೆ ಅಂದುಕೊಂಡೆ.
ಬಲಗೈ ಯಾರೋ ಮರೆತು ಹೋದ ಸಾಮಾನಿನಂತೆ
ನನ್ನ ಮಡಿಲಲ್ಲಿತ್ತು.
ಎದುರಿನ ಮೀನಂಗಡಿಯಿಂದ ಓಡಿ ಬಂದವರಿಗೆ
ನಾನು ಹೇಳಿದ್ದು ಇಷ್ಟೇ:
‘ಹದಿನೆಂಟು. ಹದಿನೆಂಟೂವರೆ.’

ಮಾತೆಲ್ಲ ಹೋಗಿ ಅಂಕಿ ಉಳಿದಿತ್ತು.
ಮೈಸೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ
ಪಕ್ಕದಲ್ಲಿ ನಬೀಸ.
ಹೆಸರು ನಾಲಿಗೆಗೆ ಹತ್ತಲಿಲ್ಲ.
‘ಮೂವತ್ತಾರು’ ಅಂದೆ.
ಹಾಸಿಗೆ ನಂಬರ್ ಕೇಳುತ್ತಿದ್ದಾನೆ ಅಂದುಕೊಂಡಳು ನರ್ಸು.
ಇಪ್ಪತ್ತು ವರ್ಷದಿಂದ ರವಿಕೆ ಹೊಲಿಸಿಕೊಂಡವಳು ಮಾತ್ರ
ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು, ಆಮೇಲೆ ಅತ್ತಳು.

ತೊಡೆಯಲ್ಲಿ ತೂತು ಮಾಡಿ
ನೂಲಿನಂಥ ತಂತಿಯನ್ನು ತಲೆಯವರೆಗೆ ಹಾಯಿಸಿ
ಗಂಟು ತೆಗೆದರಂತೆ. ನನಗೆ ತಿಳಿಯುವ ಕೆಲಸ.
ದಾರಿ ಕಾಣಲೆಂದು ರಕ್ತಕ್ಕೆ ಬಣ್ಣ ಬಿಟ್ಟಿದ್ದರಂತೆ.
ಅದೂ ತಿಳಿಯಿತು, ನಾವೂ ಚಾಕಿನ ಗೆರೆ ಎಳೆಯುತ್ತೇವೆ,
ಹೊಲಿದಾದ ಮೇಲೆ ಕೊಡವಿದರೆ ಹೋಗುತ್ತದೆ.
ನನ್ನೊಳಗಿನ ಗೆರೆ ಹೋಗಲಿಲ್ಲ.
ಮೂರನೆಯ ದಿನ ಮೂತ್ರದ ಚೀಲ ಹಾಗೇ ತೂಗುತ್ತಿತ್ತು,
ತಳದಲ್ಲಿ ಕಡು ಚಹಾದ ಬಣ್ಣ ಎರಡು ಬೆರಳು.

‘ತಲೆ ಉಳಿಯಿತು, ಕಿಡ್ನಿ ಮುನಿಸಿಕೊಂಡಿದೆ’ ಎಂದರು ಡಾಕ್ಟರು.
‘ಮೊದಲೇ ದಣಿದಿದ್ದವು. ಬೆನ್ನು ನೋವಿಗೆ ಏನು ನುಂಗುತ್ತಿದ್ದಿರಿ?’
ಬಾಬಿನ್ ಇಡುವ ಡ್ರಾಯರಿನಲ್ಲೇ ಇರುತ್ತಿತ್ತು ಆ ಮಾತ್ರೆ,
ಮದುವೆ ಸೀಸನ್ನಿನಲ್ಲಿ ದಿನಕ್ಕೆ ಮೂರು, ನಾಲ್ಕು.
ಬಿಪಿಯದ್ದು ಮಾತ್ರ ನೆನಪಾದ ದಿನ.
ದೇವರು ಒಳಮಗ್ಗುಲಲ್ಲಿ ಹೊಲಿದಿಟ್ಟ ಎರಡು ಜೇಬು,
ಕೈ ಹಾಕಿ ನೋಡಲಾಗದ್ದು.
ಹರಿಯುತ್ತಿದೆ ಎಂದು ಯಾರು ಹೇಳಬೇಕು?

ಊರಿಗೆ ಬಂದೆವು.
ನನ್ನ ಅಳತೆ ಪುಸ್ತಕ ಈಗ ನಬೀಸಳ ಕೈಯಲ್ಲಿ.
ಎದೆ ನಲವತ್ತು, ಉದ್ದ ನಲವತ್ತೆರಡು ಎಂಬ ನನ್ನ ಸಾಲು ಮುಗಿದಲ್ಲಿ
ಅವಳ ಸಾಲು ಶುರು:
ಬೆಳಿಗ್ಗೆ ಗಂಜಿ, ಒಳಗೆ ಇನ್ನೂರು.
ಹೊರಗೆ ನೂರ ಮೂವತ್ತು.
ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು
ಒಂದು ಕಣ್ಣು ಮುಚ್ಚುತ್ತಾಳೆ,
ಸೂಜಿಗೆ ದಾರ ಪೋಣಿಸುವಾಗ ನಾನು ಮುಚ್ಚುತ್ತಿದ್ದಂತೆ.
ಹೊರಗೆ ಕಾವೇರಿಗೆ ನೀರು ಏರಿ ಬೊಳಿಬಾಣೆ ರಸ್ತೆ ಮುಳುಗಿದೆ.
ನನಗೆ ಕುಡಿಯಲು ದಿನಕ್ಕೆ ಒಂದು ಲೀಟರ್.

ಬಿದ್ದಪ್ಪನವರು ನೋಡಲು ಬಂದರು, ಒಂದು ಚೀಲ ಕಿತ್ತಳೆ ತಂದರು.
ಕಿತ್ತಳೆ ಬೇಡ, ಬಾಳೆಹಣ್ಣು ಬೇಡ, ಎಳನೀರು ಬೇಡ
ಎಂದು ಚೀಟಿಯಲ್ಲಿ ಬರೆದಿದೆ.
ಅವರೆದುರು ಒಂದನ್ನು ಮೂಸಿದೆ, ಸಾಕಷ್ಟು ಹೊತ್ತು.
ಹಣ್ಣು ಮದ್ರಸದ ಮಕ್ಕಳಿಗೆ ಹೋಯಿತು,
ಸಿಪ್ಪೆಯ ವಾಸನೆ ಅಂಗೈಯಲ್ಲಿ ಉಳಿಯಿತು,
ಎಡದ್ದರಲ್ಲಿ. ಬಲದ್ದರಲ್ಲೂ ಇತ್ತೇನೋ,
ಅದು ಇನ್ನೂ ಸುದ್ದಿ ಕಳಿಸುತ್ತಿಲ್ಲ.
‘ಕುಪ್ಯ?’ ಎಂದು ಕಣ್ಣಲ್ಲಿ ಕೇಳಿದೆ.
‘ಹಾಗೇ ಉಟ್ಟ, ಚೇಲೆ ಬಿಗಿದರೆ ಯಾರಿಗೆ ಕಾಣುತ್ತದೆ’ ಎಂದರು.
ಕಾಣುತ್ತದೆ. ನನಗೆ.

ಮಡಿಕೇರಿಯಲ್ಲಿ ಹದಿನೈದು ದಿನಕ್ಕೊಮ್ಮೆ ರಕ್ತ.
ಮೂರು ಪಾಯಿಂಟ್ ನಾಲ್ಕು. ಎರಡು ಪಾಯಿಂಟ್ ಒಂಬತ್ತು.
ಮತ್ತೆ ಮೂರು, ಆ ವಾರ ಇಬ್ಬರೂ ಜಗಳವಾಡಿದೆವು,
ಅವಳು ಮಾತಿನಲ್ಲಿ, ನಾನು ಅಂಕಿಯಲ್ಲಿ.
ಎರಡು ಪಾಯಿಂಟ್ ಎರಡು.
ಒಂದು ಪಾಯಿಂಟ್ ಎಂಟು, ಅಲ್ಲೇ ನಿಂತಿತು.
‘ಇನ್ನು ಇಷ್ಟೇ ಇರಬಹುದು’ ಎಂದರು ಡಾಕ್ಟರು.
ಇಸ್ತ್ರಿ ಸುಟ್ಟ ಬಟ್ಟೆ, ಒಗೆದರೆ ಹೊಸದಾಗುತ್ತದೆಯೇ?
ಉಡಲು ಬರುತ್ತದೆ.

ನಿನ್ನೆ ರಾತ್ರಿ ಜಗ್ಗಿನಲ್ಲಿ ನಾನೂರು ಇತ್ತು,
ತೆಳ್ಳಗೆ, ಎರಡನೇ ಸಲ ಕುದಿಸಿದ ಚಹಾದ ಹಾಗೆ.
ಅವಳು ಬರೆದುಕೊಳ್ಳುತ್ತಿದ್ದಳು.
ನಾನು ಹಲಗೆ ಎಳೆದು ಮೂರನೇ ಗುಂಡಿ ಹಿಡಿದೆ,
ಕಾಜಾಕ್ಕೆ ಅದರ ಅಂಚು ತಾಗಿತು, ಜಾರಿತು, ತಾಗಿತು.
‘ಮೂವತ್ತಾರು’ ಎಂದು ಕರೆದೆ.
‘ಈಗ ನಲವತ್ತು’ ಎಂದಳು, ತಲೆ ಎತ್ತದೆ.