ನಾಲ್ಕು ಜೀನಿನ ಕುದುರೆ

ಗ್ಯಾರಿ ಊರಿಗೆ ಚಳಿ ಬರುವುದು
ಆಚೆ ದಡ ಕಾಣದ ಕೆರೆಯ ಕಡೆಯಿಂದ,
ಉಕ್ಕಿನ ಕುಲುಮೆಯ ವಾಸನೆ ಹೊತ್ತು.
ಅಡುಗೆಮನೆಯ ಮೇಜಿಗೆ ಹಳೇ ಟವೆಲು ಹಾಸಿ
ಲೆವರ್ನ್ ಬೇಸ್ ಗಿಟಾರನ್ನು ಅಂಗಾತ ಮಲಗಿಸಿದಳು,
ಎಣ್ಣೆ ಹಚ್ಚಲು ಕೂಸನ್ನು ಮಲಗಿಸುವ ಹಾಗೆ.
ಇಪ್ಪತ್ತೆಂಟು ವರ್ಷ ಸಿಟಿ ಬಸ್ಸುಗಳ ಹೊಟ್ಟೆಯಡಿ
ನಟ್ಟು ಬಿಚ್ಚಿದ ಕೈ
ಈ ಐದು ತಿರುಪಿಗೆ ಹೆದರಿತು.

ತಂತಿಗಳ ಬಾಲ ಕಚ್ಚಿ ಹಿಡಿದ ಈ ತಗಡಿಗೆ
ಅವರು ಬ್ರಿಜ್ ಅನ್ನುತ್ತಾರೆ, ಸೇತುವೆ.
ಯಾವ ದಡದಿಂದ ಯಾವ ದಡಕ್ಕೆ, ಯಾರೂ ಕೇಳುವುದಿಲ್ಲ.
ನಮ್ಮ ವೀಣೆಯವರು ಕುದುರೆ ಅಂದರು.
ನನಗೆ ಅದೇ ಸರಿ ಕಾಣುತ್ತದೆ:
ಇದರ ಬೆನ್ನ ಮೇಲೆ ನಾಲ್ಕು ತುಂಡುಗಳು,
ಅವನ್ನು ಅಲ್ಲಿಯವರೂ ಜೀನು ಎಂದೇ ಕರೆಯುತ್ತಾರೆ,
ಒಂದೊಂದರ ಮೇಲೆ ಒಂದೊಂದು ತಂತಿಯ ಸವಾರಿ.

ನಲವತ್ತು ವರ್ಷ ಓಡಿದ ಕುದುರೆ.
ಅಣ್ಣ ಕ್ಲಿಯೋಫಸನ ಬೆವರು ಹೊಳಪು ತಿಂದು, ಉಕ್ಕು ತಿಂದು
ಅವನು ಅಂಗೈ ಬುಡ ಊರುತ್ತಿದ್ದಲ್ಲಿ
ಕಂದು ಮಚ್ಚೆ ಬಿಟ್ಟಿದೆ.
ದಪ್ಪ ತಂತಿಯ ಜೀನು ತುಕ್ಕಿಗೆ ಕಚ್ಚಿಕೊಂಡು
ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು.
ಎರಡು ಭಾನುವಾರ ಚರ್ಚಿನಲ್ಲಿ ಅದು ಗೊರಗೊರ ಅಂದು
ಪಾಸ್ಟರಮ್ಮ ತಿರುಗಿ ನೋಡಿದ್ದರು.

ಕ್ಲಿಯೋಫಸ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ.
ಜನವರಿಯಲ್ಲಿ ಬಡಿದ ಲಕ್ವ
ಬಲಗೈಯನ್ನೂ ಮಾತನ್ನೂ ಒಂದೇ ಕಂತಿನಲ್ಲಿ ಒಯ್ದಿತು.
ಈಗ ಅವನ ಜಾಗದಲ್ಲಿ ನಿಂತು ನುಡಿಸುವವಳು ಇವಳು,
ಅರ್ಧ ಕಲಿತವಳು.

ತಗಡು ಎದ್ದಿತು. ಅಡಿಯಲ್ಲಿ ನೀಲಿ!
ಮೈಯೆಲ್ಲ ಪಾಚಿ ಬಣ್ಣಕ್ಕೆ ತಿರುಗಿದ ಮರ
ಇಷ್ಟಗಲ ಮಾತ್ರ
ಈಗಷ್ಟೇ ಅಂಗಡಿಯಿಂದ ಬಂದಂತೆ.
"ನೋಡೋ ಇಲ್ಲಿ" ಅಂದಳು. ನೋಡಿದ. ಬಹಳ ಹೊತ್ತು.

ನೀಲಿಯ ನಡುವೆ ತೂತು, ತೂತಿನಿಂದ ಇಣುಕಿದ
ಬತ್ತಿಯಂಥ ಒಂದು ತಂತಿ.
ಹಳೇ ಕಸವೇನೋ ಎಂದು ಒಳಕ್ಕೆ ತುರುಕಿದಳು.
ಬಸ್ಸಿನಲ್ಲಾಗಿದ್ದರೆ ಖಂಡಿತ ಹೀಗೆ ಮಾಡುತ್ತಿರಲಿಲ್ಲ.
ಮರ ಕಂಡರೆ ಕರೆಂಟಿನ ನೆನಪು ಬರುವುದಿಲ್ಲ.

ಹೊಸದು ಹಿತ್ತಾಳೆಯದು, ಬಾಗಿಲ ಬೀಗದಷ್ಟು ಭಾರ.
ಎರಡು ತೂತು ಹೊಂದಲಿಲ್ಲ.
ಬೆಂಕಿಕಡ್ಡಿ ಮುರಿದು ಗೋಂದಿನಲ್ಲಿ ಅದ್ದಿ ತುಂಬಿದಳು,
ಗೋಂದು ಒಣಗುವ ತನಕ ಬೀನ್ಸ್ ಬೇಯಿಸಿದಳು, ಅಣ್ಣನಿಗೆ ಉಣಿಸಿದಳು,
ಆಮೇಲೆ ಹೊಸ ತೂತು, ಐದು ತಿರುಪು, ನಾಲ್ಕು ತಂತಿ.

ಆಂಪ್ಲಿಫಯರ್ ಹಾಕಿದರೆ ಗುಂಯ್ ಅಂತ ಜೇನುಗೂಡು.
ತಂತಿ ಮುಟ್ಟಿದರೆ ಅಡಗಬೇಕು ಈ ಗುಂಯ್.
ಅಡಗಲಿಲ್ಲ.
ಕೇಬಲ್ ಬದಲಿಸಿದಳು. ಗುಂಡಿ ತಿರುಗಿಸಿದಳು.
ಬೈದಳು, ಬೈದದ್ದಕ್ಕೆ ದೇವರ ಕ್ಷಮೆ ಕೇಳಿದಳು.

ಟಕ್.
ಅಣ್ಣನ ಎಡ ಹಿಮ್ಮಡಿ ನೆಲಕ್ಕೆ.
ಟಕ್. ಟಕ್ ಟಕ್.
"ತಾಳ ಆಮೇಲೆ ಹಾಕುವಿಯಂತೆ, ಸುಮ್ಮನಿರು."
ಟಕ್ ಟಕ್. ಟಕ್.
ತಾಳವಾಗಿರಲಿಲ್ಲ ಅದು. ತಾಳ ತಪ್ಪುವವನಲ್ಲ ಅವನು.
ಅವಳು ಅವನ ಪಾದ ನೋಡಿದಳು,
ಪಾದದಡಿಯ ನೆಲ ನೋಡಿದಳು.
ನೆಲ.
ಅರ್ಥ್ ಇರಲಿಲ್ಲ ತಂತಿಗೆ;
ಅರ್ಥವಾಗಿರಲಿಲ್ಲ ಅವಳಿಗೆ.

ಮತ್ತೆ ಐದು ತಿರುಪು.
ಕಸದಂಥ ಆ ತಂತಿಯನ್ನು ಚಿಮಟದಿಂದ ಎಳೆದು
ತುದಿ ಸುಲಿದು ಎಳೆ ಬಿಡಿಸಿ ನೀಲಿಯ ಮೇಲೆ ಹರಡಿ
ಅದರ ಮೇಲೆ ಕುದುರೆಯನ್ನು ಊರಿದಳು.

ಗುಂಯ್. ಕೈಯಿಟ್ಟಳು. ನಿಶ್ಶಬ್ದ.

ಗಿಟಾರನ್ನು ಕುರ್ಚಿಯ ತನಕ ಒಯ್ದಳು.
ಕ್ಲಿಯೋಫಸ್ ಎಡಗೈ ಚಾಚಿ ತಂತಿ ಮುಟ್ಟಿದ,
ನಿಶ್ಶಬ್ದ. ಬಿಟ್ಟ, ಗುಂಯ್.
ಮುಟ್ಟಿದ, ಬಿಟ್ಟ, ಮುಟ್ಟಿದ.
ಈ ಸಲ ತಾಳದಲ್ಲಿತ್ತು.

ಶ್ರುತಿ ಇನ್ನೂ ಪೂರ್ತಿ ಕೂತಿಲ್ಲ.
ಹನ್ನೆರಡನೇ ಮನೆಯಲ್ಲಿ ದಪ್ಪ ತಂತಿ
ಒಂದು ಕೂದಲೆಳೆ ಕೆಳಗಿದೆ.
ಜೀನನ್ನು ಕಾಲು ಸುತ್ತು ಮುಂದಕ್ಕೆ ತರಬೇಕು, ನಾಳೆ.

"ಹಳೇದನ್ನು ಎಸೆಯಲಾ?" ಅಂದಳು.
ಅವನು ಅದನ್ನು ಕಸಿದು
ಅಂಗಿಯ ಜೇಬಿಗೆ ಹಾಕಿಕೊಂಡ.
ಅಂಗಿ ಒಂದು ಕಡೆಗೆ ಜೋತಿತು.