ಹಿನ್ನೀರಿನ ಸ್ಟಾಪುಗಳು

ಕುಂದರ್ರಿ, ಎಲ್ಲಾರೂ ಕುಂದರ್ರಿ. ಒಂದ ಕಡೆ ವಾಲಬ್ಯಾಡ್ರಿ.
ಕೇಸರಿ ಜಾಕೀಟು ಹಾಕ್ಕೋರಿ, ಪಟ್ಟಿ ಸಡಲಿದ್ರ
ಗ್ಯಾನಪ್ಪ ಬಿಗೀತಾನ, ಅಂವಾ ಅಂಬಿಗ್ಯಾರಂವ,
ಗಂಟು ಹಾಕೂದು ಅವನ ಕಡಿಂದನ ಕಲೀಬೇಕು.
ನಾ ಬಂದಗೀಸಾಬ ನದಾಫ.
ಬಾಗಲಕೋಟಿ ಡಿಪೋದಾಗ ಇಪ್ಪತ್ತೊಂಬತ್ತು ವರ್ಷ
ಟಿಕೆಟ್ ಹರದಂವ.
ರಿಟೈರ್ ಆದ ಮ್ಯಾಲೂ ಕೈ ಸುಮ್ಮನಿರಲಿಲ್ಲ,
ಈಗ ಲಾಂಚಿನಾಗ ಹರೀತೀನಿ.
ನೂರಾ ಐವತ್ತು ರೂಪಾಯಿ, ಚಾ, ಗಿರ್ಮಿಟ್ ಸೇರಿ.
ರೈಟ್.

ಮೊದಲನೇ ಸ್ಟಾಪು ಹಕ್ಕೀದು.
ಪಟ್ಟೆತಲಿ ಬಾತುಗೋಳು, ಹಿಮಾಲಯ ದಾಟಿ ಬರ್ತಾವಂತ.
ಪಾಸಿಲ್ಲ, ಲಗೇಜಿಲ್ಲ,
ಸೀದಾ ಬಂದು ದಂಡಿ ಮ್ಯಾಲಿನ ಕಡ್ಲಿ ಹೊಲಕ್ಕ ಇಳೀತಾವ.
ಫೋಟೋ ಹೊಡಕೋರಿ. ಸೀಟಿ ಹೊಡೀಬ್ಯಾಡ್ರಿ.
ಸೀಟಿ ನನ್ನ ಕೆಲಸ,
ಇಲ್ಲಿ ನಾನೂ ಹೊಡ್ಯಾಂಗಿಲ್ಲ.

ಎರಡನೇದು ಆ ನಡುಗಡ್ಡಿ.
ಮೊದಲ ಅದು ಗುಡ್ಡ ಇತ್ತು.
ಬಸ್ಸು ಫಸ್ಟ್ ಗೇರಿಗೆ ಬಿದ್ದು ಕೆಮ್ಮಿಕೋತ ಏರೂದು.
ನೆತ್ತಿ ಮ್ಯಾಲ ಒಂದ ಬೇವಿನ ಗಿಡ,
ನೋಡಬೇಕಂದ್ರ ಟೊಪ್ಪಿಗಿ ಹಿಡಕೊಂಡು ತಲಿ ಎತ್ತಬೇಕು.
ಅದ ಗಿಡಾರಿ ಇದು.
ಈಗ ಕುಂತಲ್ಲೆ ಎಲಿ ಹರ್ಕೋಬೋದು.
ನಾವೇನ ಎತ್ತರ ಆಗಿಲ್ಲ ಮತ್ತ.

ಇಲ್ಲೆ ಚಾ.
ಗಿರ್ಮಿಟ್ ಇವತ್ತ ಒಂಚೂರು ಖಾರ,
ಗ್ಯಾನಪ್ಪನ ಮಗಳು ಶಿವಲೀಲಾನ ಕೈ ಜೋರು.
ಕಾಗದ ನೀರಿಗೆ ಒಗೀಬ್ಯಾಡ್ರಿ.
ಒಗದ್ರ ಅದು ಯಾರದರ ಅಂಗಳಕ್ಕ ಹೋಗಿ ಬೀಳ್ತತಿ.

"ಅಜ್ಜಾ, ಮುಂದಿಂದು ಏನೈತಿ?" ಜಮಖಂಡಿ ಕಡಿ ಹುಡುಗ ಕೇಳಿದ.
"ಬರೇ ನೀರ ಐತೆಲ್ಲಾ."

ಗ್ಯಾನಪ್ಪ ಇಲ್ಲಿ ಎಂಜಿನ್ ಬಂದ್ ಮಾಡ್ತಾನ.
ನಾ ಹೇಳಿದ್ದಲ್ಲ, ತಾನ ಮಾಡ್ತಾನ.
ನಾ ಎದ್ದು ನಿಲ್ತೀನಿ, ಕಂಬಿ ಹಿಡೀತೀನಿ:
ಕರಿಹಳ್ಳ ಕ್ರಾಸ್, ಗಿರಣಿ, ಮಗ್ಗದ ಓಣಿ...
ಯಾರರ ಇಳಿಯವ್ರು ಅದೀರೇನ್ರಿ?
ಮಂದಿ ನಗ್ತಾರ. ನಗಲಿ ಅಂತನ ಕೇಳೂದು.
ಕೆಳಗ ನಮ್ಮ ಟಾರ್ ರಸ್ತಾ ಐತಿ,
ತಿರುವು ಎಲ್ಲೆಲ್ಲಿ ಅಂತ ಈಗ ಮೀನುಗೋಳಿಗೆ ಗೊತ್ತಿರಬೇಕು.
ಮಗ್ಗದ ಓಣ್ಯಾಗ ಬಸ್ ನಿಂತು ಎಂಜಿನ್ ಆರಿದ್ರೂ
ಕಿವ್ಯಾಗ ಖಟ್ ಖಟ್ ಖಟ್,
ಎರಡೂ ಕಡಿ ಮನಿಯೊಳಗಿಂದ.
ಇವತ್ತ ಎಂಜಿನ್ ಆರಿತು.
ಅಲಿ ಬಂದು ಹಲಗಿಗೆ ಬಡದ್ವು.
ಅದು ಬ್ಯಾರೆ ಸಪ್ಪಳ ಬಿಡ್ರಿ.

ಹಿಂದಿನ ಸೀಟಿನಾಗ ಗುಳೇದಗುಡ್ಡ ಖಣದ ಕುಪ್ಪಸದಾಕಿ ಒಬ್ಬಾಕಿ
ನಕ್ಕಿರಲಿಲ್ಲ.
ಎಲಿಯಡಿಕಿ ಸಂಚಿ ಬಿಚ್ಚಿ ಒಂದು ಚೀಟಿ ತಗದ್ಲು,
ನಾಕ ಮಡಿಕಿ, ಸುಣ್ಣದ ಕಲಿ, ಗುಲಾಬಿ ಬಣ್ಣ ಹೋಗಿ ಮಣ್ಣಾಗಿತ್ತು.
ಬೆನ್ನಿಗೆ ನೀಲಿ ಪೆನ್ಸಿಲ್: ಬಾಕಿ ೪-೫೦.

"ಪರಿಹಾರದ ಅರ್ಜಿ ಕೊಟ್ಟು ಬಂದಿದ್ದೆ ಆವತ್ತ.
ಇಳಿಯೂವಾಗ ಗದ್ದಲ, ಇಸ್ಕೊಳ್ಳೂದು ಮರತೆ.
ನಾಳೆ ಕೇಳೂಣಂದ್ರ
ಹಳ್ಳಕ್ಕ ನೀರ ಬಂತು, ಬಸ್ ಬರಲಿಲ್ಲ."

ತಿರುವಿ ನೋಡಿದೆ. ಅಕ್ಷರ ನಂದ.
ನನ್ನ ಬಾಕಿಯ 'ಬಾ'ಕ್ಕ ಬಾಲ ಉದ್ದ,
ಡಿಪೋದಾಗ ಎಲ್ಲಾರೂ ಕಾಡ್ತಿದ್ರು.
ಕಿಸೆ ತಡವಿದೆ. ಐನೂರರ ನೋಟು ಎರಡು, ಒಂದು ಬೀಡಿ ಕಟ್ಟು.
ಐನೂರು ಕೊಟ್ರ ಅದು ದಾನಾಗ್ತತಿ, ಬಾಕಿ ಅಲ್ಲ.
ಎಂಟಾಣೆ ಅಂತೂ ಈಗ ಹುಡುಗರ ಆಟಕ್ಕೂ ಇಲ್ಲ.
ಏನ ಹೇಳ್ಲಿ, ಬಾಯಿ ತನ್ನಷ್ಟಕ್ಕ ತಾನ
ಹಳೇ ಮಾತು ಅಂತು:

"ಚಿಲ್ರಿ ಇಲ್ಲವ್ವಾ, ಇಳಿಯೂವಾಗ ತಗೋ."

ಅಕಿ ನೀರ ನೋಡಿದ್ಲು.
ನಾನೂ ನೋಡಿದೆ.
ಗ್ಯಾನಪ್ಪ ಹಗ್ಗ ಜಗ್ಗಿದ, ಹತ್ತಲಿಲ್ಲ, ಮತ್ತ ಜಗ್ಗಿದ,
ಎಂಜಿನ್ ಹತ್ತಿತು.
ನನ್ನ ಮಾರಿ ನೋಡ್ಕೋತ ಕುಂತ.

ರೈಟ್ ಅನ್ನಬೇಕಾದಂವ ನಾನು.